ಪಕ್ಕದಲ್ಲಿ ನಿಲ್ಲುವವರು: ದಾದಿಯರ ಕ್ಲಿನಿಕಲ್ ತರಬೇತಿ ಮತ್ತು ಸರ್ಕಾರದ ಕಟ್ಟಳೆ



ದತ್ತಿ ಉಪನ್ಯಾಸಕ್ಕೆ ಕುಲಪತಿಗಳನ್ನು, ದೊಡ್ಡ ಡಾಕ್ಟರುಗಳನ್ನು ಕರೆಯುವುದು ರೂಢಿ. ಈ ದತ್ತಿ ಒಬ್ಬ ದಾದಿಯ ನೆನಪಿನಲ್ಲಿ ಇಟ್ಟದ್ದಾದ್ದರಿಂದ ನನ್ನನ್ನು ಕರೆದಿದ್ದೀರಿ. ಕೂತು ಮಾತಾಡಿ ಎಂದು ಕುರ್ಚಿಯನ್ನೂ ಹಾಕಿಸಿದ್ದೀರಿ. ಮೂವತ್ತಕ್ಕೂ ಹೆಚ್ಚು ವರ್ಷ ವಾರ್ಡಿನಲ್ಲಿ ನಿಂತೇ ಕಳೆದವಳು ನಾನು. ನಿಂತರೇ ನನಗೆ ಮಾತು ಬರುವುದು.

ಮೊದಲು ಸ್ಟಾಫ್ ನರ್ಸ್, ಆಮೇಲೆ ಟ್ಯೂಟರ್, ನಡುವೆ ಕೆಲವು ವರ್ಷ ಇನ್‌ಸ್ಪೆಕ್ಷನ್ ತಂಡದ ಸದಸ್ಯೆ. ಮೂರೂ ಕಡೆಯಿಂದ ನೋಡಿದ್ದರಿಂದ ಈ ವಿಷಯ ಆರಿಸಿಕೊಂಡೆ. ಹಾಸಿಗೆಯ ಪಕ್ಕದಲ್ಲಿ ನಡೆಯುವ ಕಲಿಕೆಯನ್ನು ಸರ್ಕಾರ ಹೇಗೆ ಕಾಯುತ್ತದೆ, ಎಲ್ಲಿ ಕಾಯುವುದಿಲ್ಲ ಎಂಬುದೇ ಈ ಹೊತ್ತಿನ ಮಾತು. ಡಾಕ್ಟರುಗಳ ತರಬೇತಿಯ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬರುತ್ತದೆ. ದಾದಿಯರದು ಅಷ್ಟು ಬರುವುದಿಲ್ಲ, ಆದ್ದರಿಂದ ಅಲ್ಲೇ ನಿಲ್ಲುತ್ತೇನೆ.

1

ಬಯಲುಸೀಮೆಯ ಒಂದು ಜಿಲ್ಲಾ ಆಸ್ಪತ್ರೆ. ಲೇಬರ್ ರೂಮಿನಲ್ಲಿ ರಾತ್ರಿ ಪಾಳಿ. ಎರಡನೇ ಹೆರಿಗೆಗೆ ಬಂದ ಒಬ್ಬ ಹೆಂಗಸು. ನನ್ನ ಜೊತೆ ಎರಡನೇ ವರ್ಷದ ವಿದ್ಯಾರ್ಥಿನಿ. ಅವಳದು ಸಣ್ಣ ಕೈ, ಸ್ಟೋರಿನಲ್ಲಿದ್ದದ್ದು ಏಳೂವರೆ ಸೈಜಿನ ಗ್ಲೌಸು. ಬೆರಳ ತುದಿಯಲ್ಲಿ ರಬ್ಬರು ಮಡಚಿಕೊಂಡು ಜೋಲುತ್ತಿತ್ತು. ಆ ಹೆಂಗಸು ನೋವಿನ ನಡುವೆಯೂ ಅದನ್ನು ನೋಡಿದಳು. ನನ್ನ ಕಡೆ ತಿರುಗಿ, "ಈ ಹುಡುಗಿ ಇನ್ನಾ ಕಲಿಯಾಕ್ ಬಂದಾಳಾ ಅಕ್ಕಾ?" ಎಂದಳು.

ಹೌದು ಅಂದೆ. ಅವಳು ಒಂದು ನೋವು ತಡೆದುಕೊಂಡು ಹೇಳಿದಳು: "ಕಲೀಲಿ ಬಿಡು. ಎಲ್ಲಾರೂ ಒಂದಿನ ಕಲ್ತೋರೇ. ಆದ್ರೆ ನೀನು ಪಕ್ಕದಾಗೇ ಇರ್ಬೇಕು ನೋಡು."

ಮಗುವಿನ ತಲೆ ಕಾಣಿಸಿತು. ಹುಡುಗಿಯ ಎಡಗೈ ತಲೆಯ ಮೇಲೆ, ಅವಳ ಕೈಯ ಮೇಲೆ ನನ್ನ ಕೈ. "ಈಗ ಮುಕ್ಕಬೇಡಮ್ಮ, ಬಾಯಲ್ಲಿ ಉಸಿರು ಬಿಡು" ಎಂದು ಹೇಳುವ ಹೊತ್ತು ಯಾವುದು, ತಲೆಯನ್ನು ಎಷ್ಟು ತಡೆಯಬೇಕು, ಎಷ್ಟು ಬಿಡಬೇಕು, ಇದನ್ನು ಹಿಂದಿನ ದಿನ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದೇ ಹೇಳಿದ್ದೆ. ಆದರೆ ಒತ್ತಡ ಎಂದರೆ ಎಷ್ಟು ಎಂಬುದು ಚಿತ್ರದಲ್ಲಿ ಇರುವುದಿಲ್ಲ. ಅದು ನನ್ನ ಅಂಗೈಯಿಂದ ಅವಳ ಕೈಯ ಬೆನ್ನಿಗೆ ಇಳಿಯಬೇಕಿತ್ತು.

ಕಸ, ಅಂದರೆ ಮಾಸು, ಬಿದ್ದ ಮೇಲೆ ಹುಡುಗಿಯ ಕೈಯನ್ನು ತಾಯಿಯ ಹೊಟ್ಟೆಯ ಮೇಲೆ ಇರಿಸಿದೆ. ಗರ್ಭಕೋಶ ಕುಗ್ಗಿ ಗಟ್ಟಿಯಾಗಿದ್ದರೆ ಸುಲಿದ ತೆಂಗಿನಕಾಯಿ ಮುಟ್ಟಿದ ಹಾಗಿರುತ್ತದೆ. ಸಡಿಲವಾಗಿದ್ದರೆ ನಾದಿದ ಹಿಟ್ಟಿನ ಹಾಗೆ ಕೈಗೆ ಸಿಕ್ಕುವುದೇ ಇಲ್ಲ, ಒಳಗೆ ರಕ್ತ ಹರಿಯುತ್ತಿರುತ್ತದೆ. ಈ ಎರಡರ ವ್ಯತ್ಯಾಸ ಗೊತ್ತಾಗದೆ ಕಳೆಯುವ ನಿಮಿಷಗಳಲ್ಲೇ ಬಾಣಂತಿಯರು ಸಾಯುತ್ತಾರೆ. ನಮ್ಮ ದೇಶದ ತಾಯಂದಿರ ಸಾವಿನ ಕಾರಣಗಳಲ್ಲಿ ಹೆರಿಗೆಯ ನಂತರದ ರಕ್ತಸ್ರಾವವೇ ಮುಂದಿದೆ. 2018-20ರ ಮಾದರಿ ನೋಂದಣಿ ಸಮೀಕ್ಷೆಯಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಕರ್ನಾಟಕದ ತಾಯಂದಿರ ಮರಣ 69. ಕೇರಳದ್ದು 19, ತಮಿಳುನಾಡಿನದು 54. ಈ ಅಂತರಕ್ಕೆ ರಸ್ತೆ, ರಕ್ತನಿಧಿ, ರಕ್ತಹೀನತೆ, ಬಡತನ ಎಲ್ಲವೂ ಕಾರಣ. ಆದರೆ ಕೊನೆಯ ಹತ್ತು ನಿಮಿಷದಲ್ಲಿ ಹೊಟ್ಟೆಯ ಮೇಲೆ ಇರುವುದು ಒಬ್ಬ ದಾದಿಯ ಕೈ.

ಆ ಹೆಂಗಸು ಅವತ್ತು ಎರಡು ಷರತ್ತು ಹಾಕಿದಳು. ಕಲಿಯಲಿ, ಪಕ್ಕದಲ್ಲಿ ಕಲಿತವಳು ಇರಲಿ. ಇಷ್ಟು ವರ್ಷ ನಾನು ಓದಿದ ಕಾಯ್ದೆ, ನಿಯಮ, ಸುತ್ತೋಲೆಗಳೆಲ್ಲ ಈ ಎರಡು ಷರತ್ತನ್ನು ನಡೆಸಿಕೊಡಲು ಹುಟ್ಟಿದವು. ನಡೆಸಿಕೊಟ್ಟಿವೆಯೇ ಎಂಬುದನ್ನು ನೋಡೋಣ.

2

ಹೆರಿಗೆ ಮಾಡಿಸುವವರಿಗೆ ಪರವಾನಗಿ ಬೇಕು ಎಂದು ಇಂಗ್ಲೆಂಡಿನಲ್ಲಿ ಕಾಯ್ದೆ ಆದದ್ದು 1902ರಲ್ಲಿ. ದಾದಿಯರ ನೋಂದಣಿ ಕಾಯ್ದೆ ಬಂದದ್ದು 1919ರಲ್ಲಿ. ಫ್ಲಾರೆನ್ಸ್ ನೈಟಿಂಗೇಲರ ಹೆಸರಿನ ಶಾಲೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುರುವಾದದ್ದು ಅದಕ್ಕಿಂತ ಎಷ್ಟೋ ಮೊದಲು, 1860ರಲ್ಲಿ. ಅಂದರೆ ತರಬೇತಿ ಮೊದಲು ಬಂತು, ಸರ್ಕಾರ ಆಮೇಲೆ ಬಂತು. ಆ ಶಾಲೆಯಲ್ಲಿ ಕಲಿಸುವವಳು ವಾರ್ಡ್ ಸಿಸ್ಟರ್. ಕಲಿಸುವವಳೂ ರೋಗಿಯನ್ನು ನೋಡಿಕೊಳ್ಳುವವಳೂ ಒಬ್ಬಳೇ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಕಡೆ ಮದ್ರಾಸ್ ಪ್ರಾಂತದಲ್ಲಿ 1926ರಲ್ಲೇ ದಾದಿಯರ ಮತ್ತು ಸೂಲಗಿತ್ತಿಯರ ಕಾಯ್ದೆ ಬಂತು. ಮಂಗಳೂರು ಆಗ ಆ ಪ್ರಾಂತದಲ್ಲಿತ್ತು. ಧಾರವಾಡ ಮುಂಬಯಿ ಪ್ರಾಂತಕ್ಕೆ, ಕಲಬುರ್ಗಿ ನಿಜಾಮರಿಗೆ, ಮೈಸೂರು ಮಹಾರಾಜರಿಗೆ ಸೇರಿದ್ದವು. ಕನ್ನಡ ನಾಡು ಒಂದಾದ ಮೇಲೆ 1961ರಲ್ಲಿ ದಾದಿಯರು, ಸೂಲಗಿತ್ತಿಯರು ಮತ್ತು ಆರೋಗ್ಯ ಸಂದರ್ಶಕಿಯರಿಗೆ ಇಡೀ ರಾಜ್ಯಕ್ಕೆ ಒಂದೇ ಕಾಯ್ದೆಯಾಯಿತು. ನಮ್ಮ ನೋಂದಣಿ ಪತ್ರಗಳು ಈ ಕಾಯ್ದೆಯ ಮಕ್ಕಳು.

ದೇಶದ ಮಟ್ಟದಲ್ಲಿ ದೊಡ್ಡ ಮಾತು ಬಂದದ್ದು ಆರೋಗ್ಯ ವ್ಯವಸ್ಥೆಯನ್ನು ಸಮೀಕ್ಷೆ ಮಾಡಿದ ಭೋರ್ ಸಮಿತಿಯಿಂದ. 1943ರಲ್ಲಿ ನೇಮಕವಾದ ಆ ಸಮಿತಿ 1946ರಲ್ಲಿ ವರದಿ ಕೊಟ್ಟಾಗ ಬ್ರಿಟಿಷ್ ಇಂಡಿಯಾದಲ್ಲಿದ್ದ ದಾದಿಯರು ಸುಮಾರು 7,000. ಲೆಕ್ಕ ಹಾಕಿದರೆ 43,000 ಜನಕ್ಕೆ ಒಬ್ಬಳು. ಮರುವರ್ಷ, 1947ರಲ್ಲಿ, ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. ಪಠ್ಯ ಏಕರೂಪ ಮಾಡು, ವಿದ್ಯಾರ್ಹತೆಗೆ ಮಾನ್ಯತೆ ಕೊಡು, ತಪಾಸಣೆಗೆ ಜನ ಕಳಿಸು ಎಂಬಷ್ಟೇ ಅದರ ಹೂರಣ. ಆಗ ಕಾಲೇಜುಗಳು ಆಸ್ಪತ್ರೆಯ ಒಳಗೆ ಇದ್ದವು. ಮೊದಲು ಆಸ್ಪತ್ರೆ, ಅದರ ಹಿಂದೆ ಹಾಸ್ಟೆಲ್, ಹಾಸ್ಟೆಲಿನ ಒಂದು ಕೋಣೆಯಲ್ಲಿ ಕ್ಲಾಸು. ಮಿಷನ್ ಆಸ್ಪತ್ರೆಗಳಲ್ಲೂ ಸರ್ಕಾರಿ ಆಸ್ಪತ್ರೆಗಳಲ್ಲೂ ಇದೇ ಕಥೆ. ಹಾಗಾಗಿ ರೋಗಿಗಳು ಇದ್ದಾರೆಯೇ ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಇಪ್ಪತ್ತನೇ ಶತಮಾನದ ಕೊನೆಯಲ್ಲಿ ಇದು ತಿರುವುಮುರುವಾಯಿತು. ವಿದೇಶದಲ್ಲಿ ದಾದಿಯರಿಗೆ ಬೇಡಿಕೆ ಬಂತು. ಕೇರಳದಿಂದ ಮಕ್ಕಳು ರೈಲು ತುಂಬ ಬಂದರು. ಬೆಂಗಳೂರು, ಮಂಗಳೂರು, ಆಮೇಲೆ ಜಿಲ್ಲಾ ಕೇಂದ್ರಗಳು, ಆಮೇಲೆ ತಾಲ್ಲೂಕುಗಳು. ಮೊದಲು ಕಾಲೇಜು ಎದ್ದಿತು, ಆಸ್ಪತ್ರೆಯನ್ನು ಆಮೇಲೆ ಹುಡುಕಿದರು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಶುರುವಾಗಿ ಪದವಿ ಕೋರ್ಸುಗಳು ಅದರ ಕೈಗೆ ಬಂದವು. ಜಿಎನ್‌ಎಂ ಡಿಪ್ಲೊಮಾ ಪರೀಕ್ಷೆಗೆ ಬೇರೆ ಮಂಡಳಿ, ನೋಂದಣಿಗೆ ರಾಜ್ಯ ಕೌನ್ಸಿಲ್, ಪಠ್ಯಕ್ಕೆ ದೆಹಲಿಯ ಕೌನ್ಸಿಲ್, ಸೀಟು ಮಂಜೂರಾತಿಗೆ ಸರ್ಕಾರ. ಕಾಲೇಜಿನ ಬಾಗಿಲು ತಟ್ಟುವ ತಂಡಗಳು ಹೆಚ್ಚಾದವು. ಹಾಸಿಗೆಯ ಪಕ್ಕದಲ್ಲಿ ನಿಲ್ಲುವವರು ಕಡಿಮೆಯಾಗುತ್ತ ಹೋದರು.

3

ಈಗ ಒಂದು ಲೆಕ್ಕ ಮಾಡೋಣ. ಲೆಕ್ಕ ನನ್ನದು, ಆಸ್ಪತ್ರೆ ಊಹೆಯದು, ಸಂಖ್ಯೆಗಳು ನಿಮಗೆಲ್ಲ ಪರಿಚಯದವು.

ನಮ್ಮ ಕಾಲದ ಮಿಡ್‌ವೈಫರಿ ಕೇಸ್ ಬುಕ್ ನೆನಪಿದೆಯಲ್ಲ? ಒಬ್ಬ ವಿದ್ಯಾರ್ಥಿ 20 ಸಹಜ ಹೆರಿಗೆ ಸ್ವತಃ ಮಾಡಿಸಿರಬೇಕು. ಇಪ್ಪತ್ತು ಎಂಬ ಅಂಕಿಗೆ ಹಳೆಯ ವಂಶಾವಳಿ ಇದೆ. 1902ರ ಕಾಯ್ದೆಯ ಬೆನ್ನಲ್ಲೇ ಇಂಗ್ಲೆಂಡಿನಲ್ಲಿ ಬಂದ ನಿಯಮಗಳಲ್ಲೂ ಇಪ್ಪತ್ತೇ ಇತ್ತು. ಒಂದು ಕಾಲೇಜಿಗೆ 60 ಸೀಟು ಎಂದಿಟ್ಟುಕೊಳ್ಳಿ. 60 ಮಂದಿಗೆ 20ರಂತೆ ಒಂದು ಬ್ಯಾಚಿಗೆ 1,200 ಹೆರಿಗೆ ಬೇಕು. ನಿಯಮದಂತೆ ಆ ಕಾಲೇಜಿಗೆ 100 ಹಾಸಿಗೆಯ ಪೇರೆಂಟ್ ಹಾಸ್ಪಿಟಲ್, ಅಂದರೆ ಕಾಲೇಜಿನದೇ ಆಸ್ಪತ್ರೆ, ಇದೆ. ಅಲ್ಲಿ ದಿನಕ್ಕೆ ಎರಡು ಹೆರಿಗೆ ಆದರೆ ದೊಡ್ಡ ಮಾತು, ವರ್ಷಕ್ಕೆ 730. ಉಳಿದದ್ದಕ್ಕೆ ಜಿಲ್ಲಾ ಆಸ್ಪತ್ರೆಯ ಜೊತೆ ಒಪ್ಪಂದ.

ಜಿಲ್ಲಾ ಆಸ್ಪತ್ರೆಯಲ್ಲಿ ದಿನಕ್ಕೆ 15 ಹೆರಿಗೆ ಎನ್ನಿ. ವರ್ಷಕ್ಕೆ 5,475. ಅದರಲ್ಲಿ ಸಿಸೇರಿಯನ್ ಕಳೆಯಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31ಕ್ಕೂ ಹೆಚ್ಚು ಸಿಸೇರಿಯನ್. ಉಳಿಯುವ ಸಹಜ ಹೆರಿಗೆ ಸುಮಾರು 3,750. ನಾಲ್ಕು ಕಾಲೇಜು ಒಪ್ಪಂದ ಮಾಡಿಕೊಂಡು ಇಪ್ಪತ್ತಕ್ಕೆ ಇಪ್ಪತ್ತೂ ಹೆರಿಗೆಗೆ ಅದೇ ಆಸ್ಪತ್ರೆಯನ್ನು ನಂಬಿದ್ದರೆ ಬೇಕಾದದ್ದು 4,800. ಇದಕ್ಕೆ ಎಎನ್‌ಎಂ (ಕಿರಿಯ ಆರೋಗ್ಯ ಸಹಾಯಕಿ) ಕೋರ್ಸಿನ ಮಕ್ಕಳನ್ನು ಸೇರಿಸಿ. ಊರಲ್ಲಿ ಮೆಡಿಕಲ್ ಕಾಲೇಜಿದ್ದರೆ ಹೌಸ್ ಸರ್ಜನ್ನರನ್ನೂ ಪಿ.ಜಿ.ಗಳನ್ನೂ ಸೇರಿಸಿ. ಅವರು ಇರುವ ಕಡೆ ನರ್ಸಿಂಗ್ ವಿದ್ಯಾರ್ಥಿ ಟ್ರೇ ಹಿಡಿದುಕೊಂಡು ಗೋಡೆಗೆ ಒರಗಿರುತ್ತಾಳೆ.

ಆದರೂ ಎಲ್ಲರ ಕೇಸ್ ಬುಕ್ಕಿನಲ್ಲೂ ಇಪ್ಪತ್ತು ತುಂಬಿರುತ್ತದೆ. ಹೇಗೆ? ಒಂದು ಹೆರಿಗೆಯ ಸುತ್ತ ಆರು ಮಂದಿ ನಿಂತು, ಆರು ಜನವೂ ಆ ಒಳರೋಗಿಯ ಅದೇ ಐ.ಪಿ. ನಂಬರ್ ಬರೆದುಕೊಳ್ಳುತ್ತಾರೆ. ಒಬ್ಬಳು ಮಗು ಹಿಡಿದಿರುತ್ತಾಳೆ, ಒಬ್ಬಳು ಹೊಕ್ಕುಳಬಳ್ಳಿಗೆ ಕ್ಲಾಂಪ್ ಹಾಕಿರುತ್ತಾಳೆ, ನಾಲ್ವರು ನೋಡಿರುತ್ತಾರೆ. ಪುಸ್ತಕದಲ್ಲಿ ಆರೂ ಮಂದಿ "ಮಾಡಿಸಿದ್ದಾರೆ." ಪರೀಕ್ಷೆ ಹತ್ತಿರ ಬಂದಾಗ ಲೇಬರ್ ರೂಮಿನ ರಿಜಿಸ್ಟರು ಹಾಸ್ಟೆಲಿಗೇ ಹೋಗಿಬರುವುದೂ ಉಂಟು. ಅಂಥ ಪುಸ್ತಕಗಳಿಗೆ ಟ್ಯೂಟರ್ ಆಗಿ ನಾನೂ ಸಹಿ ಹಾಕಿದ್ದೇನೆ. ಮಾರ್ಚ್ ತಿಂಗಳ ಸಂಜೆ, ಮೇಜಿನ ಮೇಲೆ ಅರವತ್ತು ಪುಸ್ತಕ, ಬೆಳಿಗ್ಗೆ ಹಾಲ್ ಟಿಕೆಟ್ ಕೊಡಬೇಕು. ಹಾಕದಿದ್ದರೆ ಮಕ್ಕಳ ವರ್ಷ ಹಾಳಾಗುತ್ತದೆ ಎಂದುಕೊಂಡು ಹಾಕಿದೆ. ಮಕ್ಕಳ ವರ್ಷದ ಬಗ್ಗೆ ಯೋಚಿಸಿದೆ. ಅವರ ಕೈಗೆ ಮುಂದೆ ಬರುವ ಬಾಣಂತಿಯ ಬಗ್ಗೆ ಯೋಚಿಸಲಿಲ್ಲ.

2021ರಲ್ಲಿ ಪ್ರಕಟವಾದ ಬಿ.ಎಸ್ಸಿ. ನರ್ಸಿಂಗ್ ಪರಿಷ್ಕೃತ ನಿಯಮಾವಳಿ ಸೆಮಿಸ್ಟರು, ಕ್ರೆಡಿಟ್ಟು, ಸಾಮರ್ಥ್ಯ ಆಧಾರಿತ ಕಲಿಕೆ ಎಲ್ಲವನ್ನೂ ತಂದಿದೆ. ಸ್ಕಿಲ್ ಲ್ಯಾಬು ಬಂದಿದೆ. ಗೊಂಬೆಯ ಮೇಲೆ ಹತ್ತು ಸಲ ಕೈಪಳಗಿಸಿ ರೋಗಿಯ ಬಳಿ ಹೋಗುವುದು ನಿಜಕ್ಕೂ ಒಳ್ಳೆಯದು. ನನ್ನ ಮೊದಲ ಇಂಜೆಕ್ಷನ್ ಚುಚ್ಚಿಸಿಕೊಂಡ ಅಜ್ಜನಿಗೆ ಆ ಭಾಗ್ಯ ಇರಲಿಲ್ಲ. ಆದರೆ ಗೊಂಬೆಯ ಗರ್ಭಕೋಶ ಸಡಿಲವಾಗುವುದು ಗುಂಡಿ ಒತ್ತಿದಾಗ. ನಿಜವಾದ ಬಾಣಂತಿಗೆ ಅದು ಆಗುವುದು ನೀವು ಕೇಸ್ ಶೀಟ್ ಬರೆಯಲು ತಲೆ ತಗ್ಗಿಸಿದಾಗ.

ತಾನು ಕೊಟ್ಟ ಪ್ರಮಾಣಪತ್ರವನ್ನು ಸರ್ಕಾರವೇ ಪೂರ್ತಿ ನಂಬುವುದಿಲ್ಲ ಎನ್ನುವುದಕ್ಕೆ ಒಂದು ಸಾಕ್ಷಿ ಇದೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದು ಹೆರಿಗೆಗಳು ಮನೆಯಿಂದ ಆಸ್ಪತ್ರೆಗೆ ಬರತೊಡಗಿದವು. ಆಗ, ಈಗಾಗಲೇ ಪಾಸಾಗಿ, ನೋಂದಣಿಯಾಗಿ, ಕೆಲಸದಲ್ಲಿದ್ದ ಎಎನ್‌ಎಂಗಳಿಗೆ, ಸ್ಟಾಫ್ ನರ್ಸುಗಳಿಗೆ ಸರ್ಕಾರ 21 ದಿನದ ಹೆರಿಗೆ ತರಬೇತಿಯನ್ನು ಮತ್ತೆ ಕೊಡಿಸಿತು. ಒಳ್ಳೆಯ ತರಬೇತಿ, ಅದರಲ್ಲಿ ನಾನೂ ಕಲಿಸಿದ್ದೇನೆ. ಹದಿನೈದು ವರ್ಷ ಸರ್ವಿಸ್ ಆದ ಒಬ್ಬ ಸಹೋದರಿ ಮೂರನೇ ದಿನ ನನ್ನ ಕಿವಿಯಲ್ಲಿ, "ಮೇಡಂ, ಒಳಗಿನ ಪರೀಕ್ಷೆ ಮಾಡಿ ಬಾಯಿ ಎಷ್ಟು ತೆರೆದಿದೆ ಅಂತ ನೋಡೋದು ಇವತ್ತೇ ಸರಿಯಾಗಿ ಗೊತ್ತಾಯ್ತು" ಎಂದಳು. ಅವಳ ಕೇಸ್ ಬುಕ್ಕಿನಲ್ಲೂ ಇಪ್ಪತ್ತು ತುಂಬಿದ್ದಿರಬೇಕು.

4

ಇನ್‌ಸ್ಪೆಕ್ಷನ್ ದಿನದ ಮಾತಿಗೆ ಬರುತ್ತೇನೆ. ಊರು, ಕಾಲೇಜಿನ ಹೆಸರು ಬೇಡ.

ಗೇಟಿನಲ್ಲಿ ರಂಗೋಲಿ, ಹೂಗುಚ್ಛ, ಎಳನೀರು. ದಾಖಲೆಗಳೆಲ್ಲ ಹೊಸ ಫೈಲಿನಲ್ಲಿ. ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾವು ಎಣಿಸಿದೆವು: ಹಾಸಿಗೆ 112, ಮಲಗಿದ್ದವರು 86. ನಿಯಮ ಕೇಳುವುದು ನೂರಕ್ಕೆ 75. ಫಾರಂ ಸಂತೋಷಪಟ್ಟಿತು.

ವಾರ್ಡ್ ಸಿಸ್ಟರ್ ಆಗಿದ್ದವಳಿಗೆ ಬೇರೆ ಕಣ್ಣಿರುತ್ತದೆ. ನಾನು ರೋಗಿಗಳನ್ನು ಬಿಟ್ಟು ಅವರ ಪಕ್ಕದ ಲಾಕರುಗಳನ್ನು ನೋಡಿದೆ. ಮೂರು ದಿನ ಆಸ್ಪತ್ರೆಯಲ್ಲಿದ್ದವರ ಲಾಕರಿನ ಮೇಲೆ ಒಂದು ಸಂಸಾರವೇ ಇರುತ್ತದೆ: ಕಾಫಿ ತರುವ ಫ್ಲಾಸ್ಕು, ಅರ್ಧ ತಿಂದ ಬ್ರೆಡ್ಡಿನ ಪೊಟ್ಟಣ, ಬಾಚಣಿಗೆ, ದೇವರ ಪ್ರಸಾದದ ಕುಂಕುಮ ಕಟ್ಟಿದ ಕಾಗದ, ಮಾತ್ರೆಯ ಖಾಲಿ ಹಾಳೆ, ಮಂಚದ ಕೆಳಗೆ ಒಂದು ಪ್ಲಾಸ್ಟಿಕ್ ಬುಟ್ಟಿ, ಚಪ್ಪಲಿ ಎರಡು ಜೊತೆ, ಒಂದು ರೋಗಿಯದು, ಒಂದು ಜೊತೆಗಿದ್ದವರದು. ಅಲ್ಲಿ ಲಾಕರುಗಳ ಮೇಲೆ ಏನೂ ಇರಲಿಲ್ಲ. ಬೆಡ್‌ಶೀಟುಗಳ ಮೇಲೆ ಅಂಗಡಿಯಲ್ಲಿ ಮಡಚಿದ್ದ ಗೆರೆಗಳು ಚೌಕಚೌಕವಾಗಿ ಎದ್ದು ಕಾಣುತ್ತಿದ್ದವು. ಒಬ್ಬ ಅಜ್ಜಿಯನ್ನು ಕೇಳಿದೆ, "ಏನಾಗಿದೆ ಅವ್ವ?" ಅವಳು ಪಕ್ಕದಲ್ಲಿದ್ದವರ ಮುಖ ನೋಡಿ, "ಮಂಡಿ ನೋವು ಕಣವ್ವ. ಎಷ್ಟು ವರ್ಷದಿಂದಲೋ ಐತೆ" ಎಂದಳು. ಸುಳ್ಳಲ್ಲ ಪಾಪ.

ವರದಿಯಲ್ಲಿ ನಾನು ಏನು ಬರೆದೆ ಗೊತ್ತೆ? ಹಾಸಿಗೆ 112, ರೋಗಿಗಳು 86. ಲಾಕರಿಗೆ ಫಾರಂನಲ್ಲಿ ಕಾಲಂ ಇರಲಿಲ್ಲ. ಷರಾ ಬರೆಯುವ ಜಾಗದಲ್ಲಿ ಎರಡು ಸಾಲು ಬರೆಯಬಹುದಿತ್ತು. ತಂಡದ ಹಿರಿಯರು "ಕಣ್ಣಿಗೆ ಕಂಡದ್ದನ್ನು ಬರೆಯಮ್ಮ, ಅನುಮಾನಕ್ಕೆ ಪುರಾವೆ ಎಲ್ಲಿದೆ" ಎಂದರು. ಕಂಡದ್ದೂ ಅದೇ ಅಲ್ಲವೇ ಎಂದು ಉತ್ತರಿಸುವ ಧೈರ್ಯ ನನಗೆ ಬಂದದ್ದು ರಾತ್ರಿ ಬಸ್ಸಿನಲ್ಲಿ.

ಇದು ಒಂದು ಕಾಲೇಜಿನ ದೋಷವಲ್ಲ, ದಾದಿಯರ ಕಾಲೇಜುಗಳದ್ದಷ್ಟೇ ಅಲ್ಲ. 2010ರಲ್ಲಿ ಕೇಂದ್ರ ಸರ್ಕಾರ ವೈದ್ಯಕೀಯ ಕಾಲೇಜುಗಳನ್ನು ಕಾಯಬೇಕಾದ ಮೆಡಿಕಲ್ ಕೌನ್ಸಿಲನ್ನೇ ಬದಿಗಿಟ್ಟು ಆಡಳಿತ ಮಂಡಳಿ ನೇಮಿಸಬೇಕಾಯಿತು. 2016ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಆ ಕೌನ್ಸಿಲಿನ ಬಗ್ಗೆ ಕಟುವಾದ ವರದಿ ಕೊಟ್ಟಿತು. ಕೊನೆಗೆ 2019ರ ಕಾಯ್ದೆಯಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. ಮಧ್ಯಪ್ರದೇಶದ್ದು ಇನ್ನೂ ದೊಡ್ಡ ಪಾಠ. ಅಲ್ಲಿನ ನರ್ಸಿಂಗ್ ಕಾಲೇಜುಗಳನ್ನು ಪರಿಶೀಲಿಸಿ ಎಂದು ಹೈಕೋರ್ಟ್ ಸಿಬಿಐಗೆ ಹೇಳಿತು. ಪರಿಶೀಲನೆಗೆ ಹೋದವರಲ್ಲೇ ಕೆಲವರು ಅನುಕೂಲದ ವರದಿಗಾಗಿ ಲಂಚ ಪಡೆದ ಆರೋಪದ ಮೇಲೆ 2024ರ ಮೇ ತಿಂಗಳಲ್ಲಿ ಬಂಧಿತರಾದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆಗೆ ಇದಕ್ಕಿಂತ ಉದಾಹರಣೆ ಬೇಡ. ಇನ್ನೂ ಗಟ್ಟಿ ಬೇಲಿ ಹಾಕಿ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಮಾತು ಬೇರೆ. ಒಂದು ದಿನದ ಭೇಟಿಯಲ್ಲಿ ಎಣಿಸಬಹುದಾದ್ದನ್ನೇ ಎಣಿಸುವವರೆಗೆ, ಎಣಿಕೆಯ ದಿನಕ್ಕೆ ಎಲ್ಲವೂ ತಯಾರಾಗಿರುತ್ತದೆ, ಎಣಿಸುವವರು ಎಷ್ಟೇ ಪ್ರಾಮಾಣಿಕರಾಗಿದ್ದರೂ.

5

ರೋಗಿಗಳಿಲ್ಲದ ಆಸ್ಪತ್ರೆ ಒಂದು ಕೇಡು. ಅದರ ತದ್ವಿರುದ್ಧದ ಕೇಡೂ ಇದೆ. ಅದನ್ನು ಯಾವ ಫಾರಂ ಕೂಡ ಹಿಡಿಯುವುದಿಲ್ಲ.

ರೋಗಿಗಳು ತುಂಬಿ ತುಳುಕುವ ದೊಡ್ಡ ಆಸ್ಪತ್ರೆ. ರಾತ್ರಿ ಪಾಳಿಯಲ್ಲಿ ಅರವತ್ತು ಹಾಸಿಗೆಗೆ ಒಬ್ಬ ಸ್ಟಾಫ್ ನರ್ಸ್, ಅವಳ ಜೊತೆ ನಾಲ್ವರು ವಿದ್ಯಾರ್ಥಿನಿಯರು. ಕಾಗದದ ಮೇಲೆ ಇದು ಅದ್ಭುತ ತರಬೇತಿ: ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಎಂಬ ನಿಯಮಕ್ಕಿಂತ ಎಷ್ಟೋ ಹೆಚ್ಚು ರೋಗಿಗಳು. ನಡೆಯುವುದು ಮಾತ್ರ ಬಿಟ್ಟಿ ದುಡಿತ. ಬಿ.ಪಿ. ನೋಡು, ಡ್ರಿಪ್ ಬದಲಿಸು, ಸ್ಯಾಂಪಲ್ ಲ್ಯಾಬಿಗೆ ಒಯ್ಯಿ, ಎಕ್ಸ್‌ರೇಗೆ ಗಾಲಿಕುರ್ಚಿ ತಳ್ಳು. ನಲವತ್ತು ಜನರ ಬಿ.ಪಿ. ಬರೆದ ಹುಡುಗಿಗೆ ಅದರಲ್ಲಿ ಯಾವುದು ಅಪಾಯ ಎಂದು ಹೇಳಿಕೊಟ್ಟವರಿಲ್ಲ. ಆ ಸ್ಟಾಫ್ ನರ್ಸನ್ನು ಬೈಯುವ ಹಾಗಿಲ್ಲ. ಅವಳ ಸಂಬಳದ ಚೀಟಿಯಲ್ಲಿ ಕಲಿಸುವ ಕೆಲಸ ಇಲ್ಲ, ಪಾಳಿಯಲ್ಲಿ ಸಮಯವೂ ಇಲ್ಲ. ಕಲಿಸಬೇಕಾದ ಟ್ಯೂಟರ್ ಕಾಲೇಜಿನ ಬಸ್ಸು ಹತ್ತಿ ಮಧ್ಯಾಹ್ನವೇ ಹೋಗಿರುತ್ತಾಳೆ. ನೈಟಿಂಗೇಲ್ ಶಾಲೆಯಲ್ಲಿ ಒಬ್ಬಳೇ ಆಗಿದ್ದ ವಾರ್ಡ್ ಸಿಸ್ಟರ್ ನಮ್ಮಲ್ಲಿ ಎರಡಾಗಿ ಸೀಳಿಹೋಗಿದ್ದಾಳೆ. ರೋಗಿ ಗೊತ್ತಿರುವವಳಿಗೆ ವಿದ್ಯಾರ್ಥಿಯ ಹೊಣೆ ಇಲ್ಲ. ವಿದ್ಯಾರ್ಥಿಯ ಹೊಣೆ ಇರುವವಳಿಗೆ ರೋಗಿ ಗೊತ್ತಿಲ್ಲ.

ಕಾನೂನು ಈಗ ಗಂಟೆಗಳನ್ನೂ ಎಣಿಸುತ್ತಿದೆ. ಲ್ಯಾಬ್ ಟೆಕ್ನಿಷಿಯನ್, ಫಿಸಿಯೋಥೆರಪಿಸ್ಟ್, ಡಯಾಲಿಸಿಸ್ ಟೆಕ್ನಿಷಿಯನ್ ಮುಂತಾದ ಐವತ್ತಕ್ಕೂ ಹೆಚ್ಚು ವೃತ್ತಿಗಳಿಗಾಗಿ 2021ರಲ್ಲಿ ಬಂದ ರಾಷ್ಟ್ರೀಯ ಕಾಯ್ದೆ, ಡಿಪ್ಲೊಮಾ ಮಟ್ಟಕ್ಕೆ ಕನಿಷ್ಠ 2,000 ಗಂಟೆ, ಪದವಿ ಮಟ್ಟಕ್ಕೆ 3,600 ಗಂಟೆ ಎಂದಿದೆ. ಅಷ್ಟು ವರ್ಷ ಈ ವೃತ್ತಿಗಳಲ್ಲಿ ಬಹುಪಾಲಿಗೆ ದೇಶಮಟ್ಟದ ಕಟ್ಟಳೆಯೇ ಇರಲಿಲ್ಲ, ಹಾಗಾಗಿ ಇದು ದೊಡ್ಡ ಹೆಜ್ಜೆ. ಆದರೆ ಗಾಲಿಕುರ್ಚಿ ತಳ್ಳಿದ ಗಂಟೆಯೂ ಗಂಟೆಯೇ, ಕೈ ಹಿಡಿದು ಕಲಿಸಿದ ಗಂಟೆಯೂ ಗಂಟೆಯೇ. ಗಡಿಯಾರಕ್ಕೆ ಭೇದ ತಿಳಿಯದು.

6

ಇದನ್ನು ಸರಿಮಾಡುವ ಅಧಿಕಾರ ಯಾರದು? ಸಂವಿಧಾನದ ಏಳನೇ ಅನುಸೂಚಿ ತೆಗೆದರೆ ಉತ್ತರ ಮೂರು ಕಡೆ ಹಂಚಿಹೋಗಿದೆ. ಉನ್ನತ ಶಿಕ್ಷಣದ ಮಟ್ಟ ನಿರ್ಧರಿಸುವುದು ಕೇಂದ್ರ ಪಟ್ಟಿಯ 66ನೇ ನಮೂದು. ವೈದ್ಯಕೀಯ ಶಿಕ್ಷಣ, ವೈದ್ಯ ವೃತ್ತಿ ಸಮವರ್ತಿ ಪಟ್ಟಿಯ 25, 26. ಆಸ್ಪತ್ರೆ ಮಾತ್ರ ರಾಜ್ಯ ಪಟ್ಟಿಯ 6. ಕಲಿಕೆ ನಡೆಯುವ ಜಾಗ ರಾಜ್ಯದ್ದು, ಕಲಿಕೆಯ ಮಟ್ಟ ಕೇಂದ್ರದ್ದು. ನರ್ಸಿಂಗ್ ಸಂಸ್ಥೆಗಳಿಗೆ ಮಾನ್ಯತೆ ಕೊಡುವವರು ಯಾರು ಎಂಬ ಜಗಳ ನಮ್ಮ ರಾಜ್ಯದಲ್ಲಿ ಹೈಕೋರ್ಟಿನವರೆಗೂ ಹೋಯಿತು. 1947ರ ಕಾಯ್ದೆ ದೆಹಲಿಯ ಕೌನ್ಸಿಲಿಗೆ ಕೊಟ್ಟಿರುವುದು ವಿದ್ಯಾರ್ಹತೆಗೆ ಮಾನ್ಯತೆ ಕೊಡುವ ಅಧಿಕಾರವೇ ಹೊರತು ಸಂಸ್ಥೆಗಳಿಗಲ್ಲ ಎಂದು 2017ರಲ್ಲಿ ತೀರ್ಪು ಬಂತು. ಆ ದಿನಗಳಲ್ಲಿ ಮಕ್ಕಳು ಬಂದು, "ಮೇಡಂ, ನಮ್ಮ ಸರ್ಟಿಫಿಕೇಟು ಬೇರೆ ರಾಜ್ಯದಲ್ಲಿ ನಡೆಯುತ್ತಾ?" ಎಂದು ಕೇಳುತ್ತಿದ್ದರು. ಎರಡು ಕಡೆಯ ವಾದದಲ್ಲೂ ಅಧಿಕಾರದ ಮಾತಿತ್ತು. ವಾರ್ಡಿನ ಮಾತು ನನ್ನ ಕಿವಿಗೆ ಬೀಳಲಿಲ್ಲ.

2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. 1947ರ ಹಳೆಯ ಕಾಯ್ದೆಯ ಜಾಗಕ್ಕೆ ಇದು. ಶಿಕ್ಷಣಕ್ಕೆ ಒಂದು ಮಂಡಳಿ, ಮೌಲ್ಯಮಾಪನಕ್ಕೆ ಒಂದು, ನೀತಿ ಮತ್ತು ನೋಂದಣಿಗೆ ಒಂದು. ರಾಜ್ಯಗಳಿಗೆ ತಮ್ಮದೇ ಆಯೋಗ. ಹೊಸ ಮನೆಗೆ ಹೋಗುವಾಗ ಹಳೆಯ ಫಾರಂಗಳನ್ನು ಗಂಟು ಕಟ್ಟಿಕೊಂಡು ಹೋಗಬಾರದು. ಅದಕ್ಕಾಗಿ ನಾಲ್ಕು ಮಾತು ಹೇಳುತ್ತೇನೆ.

ಒಂದು: ಹಾಸಿಗೆ ಎಣಿಸುವುದನ್ನು ಬಿಟ್ಟು ಕೆಲಸ ಎಣಿಸಿ. ಅದಕ್ಕೆ ಯಾರೂ ಬಸ್ಸು ಹತ್ತಬೇಕಾಗಿಲ್ಲ. ರಾಜ್ಯದಲ್ಲಿ ಆಗುವ ಪ್ರತಿ ಜನನವೂ ಜನನ ನೋಂದಣಿಯ ಇ-ಜನ್ಮ ತಂತ್ರಾಂಶದಲ್ಲಿ ದಾಖಲಾಗುತ್ತದೆ. ಯಾವ ಆಸ್ಪತ್ರೆಯಲ್ಲಿ ಕಳೆದ ವರ್ಷ ಎಷ್ಟು ಮಕ್ಕಳು ಹುಟ್ಟಿದವು ಎಂಬುದು ಸರ್ಕಾರದ ಕೈಯಲ್ಲೇ ಇದೆ. ಜನನ ಪ್ರಮಾಣಪತ್ರಕ್ಕೆ ಅಪ್ಪ ಅಮ್ಮ ಬಂದು ನಿಲ್ಲುವುದರಿಂದ ಆ ಲೆಕ್ಕವನ್ನು ಒಂದು ದಿನಕ್ಕೆಂದು ತಯಾರು ಮಾಡಲಾಗದು. ಮಗುವನ್ನು ಬಾಡಿಗೆಗೆ ತರಬಹುದೇನೋ, ಜನನವನ್ನು ತರಲಾಗುವುದಿಲ್ಲ. ಪೇರೆಂಟ್ ಹಾಸ್ಪಿಟಲಿನ ಹೆರಿಗೆಯನ್ನು ಪ್ರತಿ ವಿದ್ಯಾರ್ಥಿಗೆ ಬೇಕಾದ ಸಂಖ್ಯೆಯಿಂದ ಭಾಗಿಸಿ. ಬಂದ ಉತ್ತರವೇ ಸೀಟು.

ಎರಡು: ಒಂದು ಸರ್ಕಾರಿ ಆಸ್ಪತ್ರೆ ಎಷ್ಟು ಕಾಲೇಜಿನ ಜೊತೆ ಒಪ್ಪಂದ ಮಾಡಿಕೊಂಡಿದೆ, ಯಾವ ವಾರ್ಡಿನಲ್ಲಿ ಯಾವ ಪಾಳಿಗೆ ಎಷ್ಟು ವಿದ್ಯಾರ್ಥಿಗಳು, ಇದನ್ನು ಒಂದೇ ಪಟ್ಟಿಯಲ್ಲಿ ಗೋಡೆಗೆ ಅಂಟಿಸಿ. ಈಗ ಪ್ರತಿ ಕಾಲೇಜೂ ತನ್ನ ಪಟ್ಟಿಯನ್ನು ಮಾತ್ರ ತೋರಿಸುತ್ತದೆ. ನಾಲ್ಕು ಪಟ್ಟಿಗಳನ್ನು ಕೂಡಿಸಿ ನೋಡುವವರು ಯಾರೂ ಇಲ್ಲ. ಆಸ್ಪತ್ರೆ ರಾಜ್ಯದ್ದು, ಇದಕ್ಕೆ ದೆಹಲಿಯ ಅಪ್ಪಣೆ ಬೇಕಾಗಿಲ್ಲ.

ಮೂರು: ಸೀಳಿಹೋದ ವಾರ್ಡ್ ಸಿಸ್ಟರನ್ನು ಮತ್ತೆ ಒಂದು ಮಾಡಿ. ಕಲಿಸುವ ಸ್ಟಾಫ್ ನರ್ಸಿಗೆ ಭತ್ಯೆ ಕೊಡಿ, ಅದಕ್ಕಿಂತ ಮುಖ್ಯವಾಗಿ ರೋಗಿಗಳ ಹೊರೆ ಇಳಿಸಿ. ಟ್ಯೂಟರಿಗೆ ವಾರದಲ್ಲಿ ಎರಡು ದಿನ ವಾರ್ಡಿನ ಜವಾಬ್ದಾರಿ ಕೊಡಿ. ಕಾಲೇಜುಗಳು ಆಸ್ಪತ್ರೆಗೆ ಕಟ್ಟುವ ಅಫಿಲಿಯೇಷನ್ ಶುಲ್ಕದಲ್ಲಿ ಒಂದು ಪಾಲು ಪಕ್ಕದಲ್ಲಿ ನಿಂತವಳಿಗೆ ಹೋಗಲಿ.

ನಾಲ್ಕು: ಕೇಸ್ ಬುಕ್ಕಿಗೆ ಎರಡು ಕಾಲಂ ಸೇರಿಸಿ. ಈಗ ಅದರಲ್ಲಿ ತಾಯಿಯ ಹೆಸರು, ವಯಸ್ಸು, ಐ.ಪಿ. ನಂಬರ್, ಎಷ್ಟನೇ ಬಸಿರು, ಮಗುವಿನ ತೂಕ ಎಲ್ಲ ಇದೆ. "ವಿದ್ಯಾರ್ಥಿ ಮಾಡುತ್ತಾಳೆ ಎಂದು ತಾಯಿಗೆ ಹೇಳಿದಿರಾ, ಒಪ್ಪಿದಳೇ?" ಎಂಬುದಿಲ್ಲ. "ಪಕ್ಕದಲ್ಲಿದ್ದವರು ಯಾರು?" ಎಂಬುದೂ ಇಲ್ಲ. ಬಡವರ ಆಸ್ಪತ್ರೆಯಲ್ಲಿ ಒಪ್ಪಿಗೆ ಕೇಳುವುದು ದೊಡ್ಡಸ್ತಿಕೆ ಎಂದು ನಮ್ಮಲ್ಲಿ ಎಷ್ಟೋ ಜನ ತಿಳಿದಿದ್ದೇವೆ. ಖಾಸಗಿ ನರ್ಸಿಂಗ್ ಹೋಮಿನಲ್ಲಿ ವಿದ್ಯಾರ್ಥಿಯ ಕೈ ಸೋಕಲು ಬಿಡದವರೇ ಮುಂದೆ ಅವಳ ಕೌಶಲದ ಫಲ ಪಡೆಯುತ್ತಾರೆ. ಕಲಿಕೆಯ ತಪ್ಪನ್ನು ತಡೆದುಕೊಳ್ಳುವವರು ಜನರಲ್ ವಾರ್ಡಿನವರು. ಆ ಋಣಕ್ಕೆ ಒಂದು ಕಾಲಂ ಕೂಡ ಕೊಡದಿದ್ದರೆ ಹೇಗೆ?

ಇಷ್ಟು ಬಿಗಿ ಮಾಡಿದರೆ ಹಳ್ಳಿಯ ಕಡೆಯ ಕಾಲೇಜುಗಳು ಮುಚ್ಚುತ್ತವೆ, ದಾದಿಯರ ಕೊರತೆ ಹೆಚ್ಚುತ್ತದೆ ಎಂಬ ಆಕ್ಷೇಪ ಇದೆ. ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಹೊಲ ಅಡವಿಟ್ಟು ಮಗಳನ್ನು ನರ್ಸಿಂಗ್ ಓದಿಸಿ, ಆ ಮಗಳ ಸಂಬಳದಲ್ಲಿ ಹೊಲ ಬಿಡಿಸಿಕೊಂಡ ಮನೆಗಳನ್ನು ನಾನು ಬಲ್ಲೆ. ಆದರೆ ಕೈಪಳಗದೆ ಹೊರಬಂದ ಮಗಳಿಗೆ ಸಿಗುವ ಸಂಬಳ ಎಷ್ಟು, ಅವಳು ಮೊದಲ ರಾತ್ರಿ ಪಾಳಿಯಲ್ಲಿ ಪಡುವ ಭಯ ಎಂಥದು ಎಂದೂ ಬಲ್ಲೆ. ಮೋಸಕ್ಕೆ ಮೊದಲು ಒಳಗಾಗುವವಳು ಅವಳೇ. ಕಾಲೇಜು ಮುಚ್ಚಬೇಕಾಗಿಲ್ಲ, ಹೆರಿಗೆ ಎಲ್ಲಿದೆಯೋ ಅಲ್ಲಿಗೆ ಮಕ್ಕಳನ್ನು ಕಳಿಸಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ಹಾಸ್ಟೆಲ್ ಕಟ್ಟಿ, ಪಾಳಿ ಹಂಚಿ. ಎಂ.ಡಿ., ಎಂ.ಎಸ್. ಓದುವವರನ್ನೇ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗೆ ಕಳಿಸುವ ನಿಯಮ ಈಗ ಜಾರಿಯಲ್ಲಿದೆ. ಅವರಿಗೆ ಆಗುವುದು ನಮ್ಮ ಮಕ್ಕಳಿಗೂ ಆದೀತು.

7

ಮೊದಲು ಹೇಳಿದ ಆ ಸಣ್ಣ ಕೈಯ ಹುಡುಗಿ ಈಗ ಒಂದು ತಾಲ್ಲೂಕು ಆಸ್ಪತ್ರೆಯ ಲೇಬರ್ ರೂಮಿನ ಇನ್‌ಚಾರ್ಜ್ ಸಿಸ್ಟರ್. ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾಳೆ. ಈ ಉಪನ್ಯಾಸಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಗಲೇ ಒಮ್ಮೆ ಮಾಡಿದಳು. "ಮೇಡಂ, ರಾತ್ರಿ ಕಾಲೇಜಿಂದ ಮೂರು ಜನ ಹುಡುಗಿಯರು ಬಂದಿದ್ರು. ಇದ್ದದ್ದು ಒಂದೇ ಹೆರಿಗೆ. ತಾಯಿನ ಕೇಳಿ, ಒಬ್ಬಳ ಕೈ ಹಿಡಿದು ಮಾಡಿಸಿದೆ. ಬೆಳಿಗ್ಗೆ ಮೂರೂ ಜನ ಪುಸ್ತಕ ತಂದ್ರು. ಒಂದಕ್ಕೆ ಸಹಿ ಹಾಕ್ದೆ. ಇನ್ನೆರಡಕ್ಕೆ ಹಾಕಲಿಲ್ಲ. ಅವರ ಪ್ರಿನ್ಸಿಪಾಲರು ಫೋನ್ ಮಾಡಿ ಬೈದ್ರು."

"ನೀನೇನಂದೆ?" ಎಂದೆ.

"ನಾಳೆ ರಾತ್ರಿ ಮತ್ತೆ ಕಳಿಸಿ ಸಾರ್, ನನಗೂ ನೈಟ್ ಡ್ಯೂಟಿನೇ ಇದೆ ಅಂದೆ."

ಕಳಿಸಿದರೋ ಇಲ್ಲವೋ, ಮುಂದಿನ ಹಬ್ಬಕ್ಕೆ ಗೊತ್ತಾಗುತ್ತದೆ.